ಮಾಗಿದ ಚೀಸ್ ಪುಡಿಯಾದರೆ, ರಬ್ಬರಾದರೆ, ಬಿರಿದರೆ: ಬಳ್ಳಾರಿ ಸೀಮೆಯ ಬಿಸಿಲಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೂರು ತಿಂಗಳು ಕಾದು ಕೊಯ್ದ ಚೀಸ್ ಚಾಕು ತಾಗಿದೊಡನೆ ಪುಡಿಪುಡಿಯಾಗಿ ಉದುರಿದರೆ ನಮ್ಮ ಸೀಮೆಯಲ್ಲಿ ಮೊದಲು ಬೈಸಿಕೊಳ್ಳುವುದು ಬಿಸಿಲು, ಆಮೇಲೆ ಕರೆಂಟು. ಎರಡಕ್ಕೂ ತಕ್ಕಮಟ್ಟಿನ ಪಾಲಿದೆ. ಆದರೆ ಸಿರುಗುಪ್ಪ, ಸಿಂಧನೂರು, ಗಂಗಾವತಿ, ಕುಷ್ಟಗಿ ಎಂದು ಎಲ್ಲೆಲ್ಲೋ ಮನೆಯಲ್ಲಿ ಅಥವಾ ಸಣ್ಣ ಡೇರಿಯಲ್ಲಿ ಚೀಸ್ ಮಾಡಲು ಕೈಹಚ್ಚಿದವರಿಗೆ ನಾನು ಹೇಳುವ ಮಾತು ಬೇರೆ: ಮಾಗಿದ ಚೀಸಿನ ಹದ ಬಹುಪಾಲು ತೀರ್ಮಾನವಾಗುವುದು ಮೊದಲ ದಿನವೇ, ಹಾಲಿಗೆ ಹೆಪ್ಪು ಬಿದ್ದಲ್ಲಿಂದ ಒತ್ತಿದ ಚೀಸಿನ ಚಕ್ರವನ್ನು ಉಪ್ಪುನೀರಿಗೆ ಇಳಿಸುವವರೆಗಿನ ಅವಧಿಯಲ್ಲಿ. ಆಮೇಲಿನ ತಿಂಗಳುಗಳು ಆ ತೀರ್ಮಾನವನ್ನು ಬಯಲಿಗೆ ತರುತ್ತವೆ. ಹಾಗಾಗಿ ಈ ಮಾರ್ಗದರ್ಶಿಯ ಹೆಚ್ಚಿನ ಪುಟ ಮೊದಲ ದಿನಕ್ಕೇ ಮೀಸಲು.

ಉದಾಹರಣೆಗೆ ಹಾಲೆಂಡಿನ ಗೌಡಾ ಮಾದರಿಯ ಚೀಸನ್ನು ಆರಿಸಿಕೊಂಡಿದ್ದೇನೆ. ಚೆಡ್ಡರ್ ಹೆಸರು ಹೆಚ್ಚು ಪರಿಚಿತ, ನಿಜ. ಆದರೆ ನಮ್ಮ ಬಿಸಿಲಿನಲ್ಲಿ ಹುಳಿ ಅಂಕೆ ತಪ್ಪುವುದೇ ದೊಡ್ಡ ತೊಂದರೆ, ಮತ್ತು ಗೌಡಾದಲ್ಲಿ ಅದಕ್ಕೆ ಕಡಿವಾಣ ಹಾಕುವ ಒಂದು ಹಂತ ಇದೆ.

ಮೊದಲು ರಸಾಯನ

ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಭಾಗ ಕೇಸೀನ್. ಅದು ಕಣ್ಣಿಗೆ ಕಾಣದ ಸಣ್ಣ ಉಂಡೆಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಉಂಡೆಯೊಳಗಿನ ಕೇಸೀನನ್ನು ಹಿಡಿದಿಟ್ಟಿರುವುದು ಕ್ಯಾಲ್ಸಿಯಂ ಫಾಸ್ಫೇಟ್, ಗೋಡೆಯ ಕಲ್ಲುಗಳ ನಡುವಿನ ಗಾರೆಯ ಹಾಗೆ. ಹೊರಮೈಯಲ್ಲಿ ಕಪ್ಪಾ-ಕೇಸೀನ್ ಎಂಬ ಎಳೆಗಳು ಎದ್ದು ನಿಂತು, ಉಂಡೆಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಹಾಲನ್ನು ಗಡ್ಡೆ ಕಟ್ಟಿಸಲು ಹಾಕುವ ರೆನೆಟ್‌ನಲ್ಲಿರುವ ಕೈಮೋಸಿನ್ ಎಂಬ ಕಿಣ್ವ ಆ ಎಳೆಯನ್ನು 105 ಮತ್ತು 106ನೆಯ ಅಮೈನೊ ಆಮ್ಲಗಳ ನಡುವೆ ಕತ್ತರಿಸುತ್ತದೆ. ತಡೆ ಹೋದ ಮೇಲೆ ಉಂಡೆಗಳು ಕ್ಯಾಲ್ಸಿಯಂ ನೆರವಿನಿಂದ ಕೂಡಿಕೊಂಡು ಗಡ್ಡೆ ಕಟ್ಟುತ್ತವೆ.

ಇತ್ತ ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತಿರುತ್ತವೆ. ಹಾಲಿನ ಪಿಎಚ್ (ಹುಳಿಯ ಅಳತೆ; ಹುಳಿ ಏರಿದಂತೆ ಈ ಅಂಕಿ ಇಳಿಯುತ್ತದೆ) 6.6ರ ಆಸುಪಾಸಿನಿಂದ ಇಳಿಯತೊಡಗುತ್ತದೆ. ಇಳಿದಂತೆಲ್ಲ ಗಾರೆ ಕರಗುತ್ತದೆ, ಕರಗಿದ ಕ್ಯಾಲ್ಸಿಯಂ ಗಡ್ಡೆಯಿಂದ ಬಸಿಯುವ ತಿಳಿನೀರಿನ ಜೊತೆ ಹೊರಗೆ ಹೋಗುತ್ತದೆ. ಇಲ್ಲಿ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ನೆನಪಿಡಬೇಕು. ಹೆಚ್ಚಿನವರು ಇವೆರಡನ್ನೂ ಕಲಸಿಬಿಡುತ್ತಾರೆ.

ಒಂದು, ತಿಳಿನೀರು ಬಸಿಯುವಾಗಿನ ಪಿಎಚ್. ಚೀಸಿನಲ್ಲಿ ಎಷ್ಟು ಕ್ಯಾಲ್ಸಿಯಂ ಉಳಿಯುತ್ತದೆ ಎಂಬುದನ್ನು ಇದು ನಿರ್ಧರಿಸುತ್ತದೆ. ಗೌಡಾದಲ್ಲಿ 6.4ರಿಂದ 6.5ರಲ್ಲೇ ಬಸಿಯುತ್ತಾರೆ, ಕ್ಯಾಲ್ಸಿಯಂ ಹೆಚ್ಚು ಉಳಿಯುತ್ತದೆ, ಚೀಸ್ ಬಾಗುತ್ತದೆ. ಚೆಡ್ಡರ್‌ನಲ್ಲಿ 6.1ರಿಂದ 6.2ರವರೆಗೆ ಇಳಿಸಿ ಬಸಿಯುತ್ತಾರೆ, ಆದ್ದರಿಂದ ಅದರ ಮೈ ಹೆಚ್ಚು ಬಾಗದೆ ಬೇಗ ಮುರಿಯುತ್ತದೆ.

ಎರಡು, ಮರುದಿನದ ಪಿಎಚ್. ಅದು 5.2, 5.3ರಲ್ಲಿ ನಿಂತರೆ ಚೀಸ್ ಮೇಣದಂತಹ ಹದಕ್ಕೆ ಬರುತ್ತದೆ. 5.0ಕ್ಕಿಂತ ಕೆಳಗಿಳಿದರೆ ಕೇಸೀನಿನ ವಿದ್ಯುದಂಶ ಸೊನ್ನೆಯಾಗುವ 4.6ರ ಕಡೆಗೆ ಅದು ಸಾಗುತ್ತಿದೆ ಎಂದರ್ಥ. ಪ್ರೋಟೀನ್ ಸಂಕುಚಿಸಿ ಗಡ್ಡೆಯ ಕಾಳುಗಳು ಬಿರುಸಾಗುತ್ತವೆ, ಒಂದಕ್ಕೊಂದು ಬೆಸೆಯುವುದಿಲ್ಲ. ತಿಂಗಳುಗಟ್ಟಲೆ ಮಾಗಿಸಿದರೂ ಅದು ಸರಿಹೋಗುವುದಿಲ್ಲ.

ಮಾಗುವಾಗ ಮತ್ತೊಂದು ಕೆಲಸ ನಡೆಯುತ್ತದೆ. ಗಡ್ಡೆಯಲ್ಲಿ ಉಳಿದ ಕೈಮೋಸಿನ್ ಮೊದಲ ಕೆಲವು ವಾರಗಳಲ್ಲಿ ಆಲ್ಫಾ-ಎಸ್1 ಕೇಸೀನನ್ನು 23 ಮತ್ತು 24ನೆಯ ಅಮೈನೊ ಆಮ್ಲಗಳ ನಡುವೆ ಕತ್ತರಿಸುತ್ತದೆ. ಎಳೆಯ ಚೀಸಿನ ರಬ್ಬರುತನ ಕಳೆದು ನಯ ಬರುವುದರಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಹಾಲಿನಲ್ಲೇ ಇರುವ ಪ್ಲಾಸ್ಮಿನ್ ಎಂಬ ಕಿಣ್ವ ಬೀಟಾ-ಕೇಸೀನನ್ನು ನಿಧಾನವಾಗಿ ಕಡಿಯುತ್ತಿರುತ್ತದೆ. ಪ್ರತಿಯೊಂದು ಕಡಿತಕ್ಕೂ ನೀರಿನ ಒಂದು ಅಣು ಖರ್ಚಾಗುತ್ತದೆ, ಕಡಿದ ತುದಿಗಳು ಇನ್ನಷ್ಟು ನೀರನ್ನು ಬಿಗಿಹಿಡಿಯುತ್ತವೆ. ವರ್ಷ ಮಾಗಿದ ಚೀಸ್ ತೂಕ ಅಷ್ಟಾಗಿ ಕಳೆದುಕೊಳ್ಳದಿದ್ದರೂ ಒಣಗಿದಂತೆ ಅನಿಸುವುದಕ್ಕೆ ಕಾರಣ ಇದೇ. ಹಳೆಯ ಗೌಡಾ ಸ್ವಲ್ಪ ಉದುರುವುದು ದೋಷವಲ್ಲ. ಎರಡು ತಿಂಗಳದ್ದು ಉದುರಿದರೆ ದೋಷ.

ಹಂತ 1: ಹಾಲಿನ ಆಯ್ಕೆ

ಹತ್ತು ಲೀಟರ್ ಹಾಲಿಗೆ ಸುಮಾರು ಒಂದು ಕಿಲೋ ಚೀಸ್ ಎಂದುಕೊಳ್ಳಿ. ಎಮ್ಮೆ ಹಾಲು ಸೇರಿದ್ದರೆ ತುಸು ಹೆಚ್ಚು ಬರುತ್ತದೆ.

ನಮ್ಮಲ್ಲಿ ಎಮ್ಮೆ ಹಾಲು ಹೇರಳ, ಚೀಸಿಗೂ ಅದನ್ನೇ ಹಾಕುವ ಆಸೆ ಸಹಜ. ಎಮ್ಮೆ ಹಾಲಿನಲ್ಲಿ ಕೇಸೀನ್, ಕೊಬ್ಬು, ಕ್ಯಾಲ್ಸಿಯಂ ಮೂರೂ ಜಾಸ್ತಿ. ಗಡ್ಡೆ ಬೇಗ ಕಟ್ಟುತ್ತದೆ, ಗಟ್ಟಿಯಾಗಿ ಕಟ್ಟುತ್ತದೆ. ಆದರೆ ಮಾಗಿಸುವ ಚೀಸ್ ಗಡುಸಾಗಿ, ಒಣಕಲಾಗಿ ಬರುತ್ತದೆ, ರುಚಿ ಕಟ್ಟಲು ತಡವಾಗುತ್ತದೆ. ಎರಡು ಪಾಲು ಹಸುವಿನ ಹಾಲಿಗೆ ಒಂದು ಪಾಲು ಎಮ್ಮೆ ಹಾಲು ಬೆರೆಸುವುದು ನನಗೆ ಒಪ್ಪುವ ಹೊಂದಾಣಿಕೆ. ಎಮ್ಮೆ ಹಾಲು ಇರುವಲ್ಲಿ, ಗಡ್ಡೆ ಗಟ್ಟಿಯಾಗಲೆಂದು ಬಳಸುವ ಕ್ಯಾಲ್ಸಿಯಂ ಕ್ಲೋರೈಡ್ ಹಾಕಲೇಬೇಡಿ. ಇದ್ದ ಗಾರೆಗೆ ಮತ್ತಷ್ಟು ಗಾರೆ ಸೇರಿಸಿ, ಚೀಸ್ ರಬ್ಬರಾಯಿತು ಎಂದು ಗೋಳಾಡುವವರೇ ಹೆಚ್ಚು. ಬರೀ ಹಸುವಿನ ಹಾಲನ್ನು ಪಾಶ್ಚರೀಕರಿಸಿದ್ದರೆ ಹತ್ತು ಲೀಟರಿಗೆ 2 ಗ್ರಾಂ ಸಾಕು.

ಪ್ಯಾಕೆಟ್ ಹಾಲಿನಲ್ಲಿ ಮಾಡಬಹುದೇ? ಹೋಮೋಜಿನೈಸ್ ಮಾಡಿದ ಹಾಲಿನಲ್ಲಿ ಕೊಬ್ಬಿನ ಸಣ್ಣ ಹನಿಗಳಿಗೇ ಕೇಸೀನ್ ಅಂಟಿಕೊಂಡು ಗಡ್ಡೆ ಮೆತ್ತಗಾಗುತ್ತದೆ. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇಡುವ ಯುಎಚ್‌ಟಿ ಹಾಲಂತೂ ಸರಿಯಾಗಿ ಗಡ್ಡೆಯೇ ಕಟ್ಟುವುದಿಲ್ಲ. ಅತಿಯಾದ ಕಾವಿಗೆ ತಿಳಿನೀರಿನ ಪ್ರೋಟೀನ್ ಬಂದು ಕಪ್ಪಾ-ಕೇಸೀನಿಗೆ ಕಚ್ಚಿಕೊಂಡು ರೆನೆಟ್‌ಗೆ ದಾರಿ ಬಿಡುವುದಿಲ್ಲ. ಹತ್ತಿರದ ರೈತರಿಂದ ಬೆಳಗಿನ ಹಾಲು ತಂದು, 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟು ಪಾಶ್ಚರೀಕರಿಸಿ ಆರಿಸುವುದೇ ಸರಿ. ಹಸಿ ಹಾಲಿನಲ್ಲಿ ಬ್ರುಸೆಲ್ಲಾದಂತಹ ರೋಗಾಣು ಇರಬಹುದು, ಅದರ ಜೊತೆ ಸರಸ ಬೇಡ.

ರೈತರನ್ನು ಎರಡು ಪ್ರಶ್ನೆ ಕೇಳಿ. ಹಸುವಿಗೆ ಈಚೆಗೆ ಆ್ಯಂಟಿಬಯಾಟಿಕ್ ಕೊಟ್ಟಿದ್ದಾರೆಯೇ? ಕೊಟ್ಟಿದ್ದರೆ ಹೆಪ್ಪು ಕೆಲಸ ಮಾಡದೆ ಹುಳಿ ಏರುವುದೇ ಇಲ್ಲ. ರಸಮೇವು (ಹುದುಗಿಸಿಟ್ಟ ಹಸಿ ಮೇವು, ಸೈಲೇಜ್) ತಿನ್ನಿಸುತ್ತಾರೆಯೇ? ಈ ಎರಡನೆಯ ಪ್ರಶ್ನೆಯ ಕಾರಣ ಬಿರುಕಿನ ವಿಚಾರ ಬಂದಾಗ ತಿಳಿಯುತ್ತದೆ.

ಹಂತ 2: ಹೆಪ್ಪು, ರೆನೆಟ್, ನೀರು

ಹಾಲನ್ನು 32 ಡಿಗ್ರಿಗೆ ತಂದು ಮೀಸೋಫಿಲಿಕ್ (ಹದವಾದ ಕಾವಿನಲ್ಲಿ ಬೆಳೆಯುವ) ಹೆಪ್ಪನ್ನು ಪೊಟ್ಟಣದ ಅಳತೆಯಂತೆ ಹಾಕಿ. ಮನೆಯ ಮೊಸರು ಬೇಡ. ಅದರಲ್ಲಿ ಯಾವ ಜೀವಿ ಎಷ್ಟಿದೆ ಎಂದು ಹೇಳಲಾಗದು, ಅನಿಲ ಬಿಡುವವೂ ಇರಬಹುದು. ಅರ್ಧ ಗಂಟೆಯ ನಂತರ ರೆನೆಟ್. ಸಸ್ಯಾಹಾರಿಗಳಿಗೆ ಹೊಂದುವ ಸೂಕ್ಷ್ಮಾಣುಜನ್ಯ ರೆನೆಟ್ ಸುಲಭವಾಗಿ ಸಿಗುತ್ತದೆ. ಇದು ಕೈಮೋಸಿನ್‌ಗಿಂತ ಒರಟು, ಸಿಕ್ಕಸಿಕ್ಕಲ್ಲಿ ಕೇಸೀನನ್ನು ಕಡಿಯುತ್ತದೆ. ಅಳತೆ ಮೀರಿದರೆ ಎರಡನೆಯ ತಿಂಗಳಿಗೆ ಕಹಿ, ಮೂರನೆಯದಕ್ಕೆ ಮೆದು ಮುದ್ದೆ. ಹನಿ ಲೆಕ್ಕದಲ್ಲಿ ಹಾಕದೆ ಸಿರಿಂಜಿನಲ್ಲಿ ಅಳೆಯಿರಿ.

ನೀರಿನ ವಿಚಾರದಲ್ಲಿ ಒಂದು ಎಚ್ಚರಿಕೆ. ಕೊಪ್ಪಳ, ರಾಯಚೂರಿನ ಹಲವು ಕಡೆ ಬೋರ್‌ವೆಲ್ ನೀರು ಗಡಸು, ಕ್ಷಾರ. ಅದರಲ್ಲಿ ರೆನೆಟ್ ಕದಡಿ ಹತ್ತು ನಿಮಿಷ ಬಿಟ್ಟರೆ ಶಕ್ತಿ ಕುಂದುತ್ತದೆ. ನಲ್ಲಿ ನೀರಿನ ಕ್ಲೋರಿನ್ ಕೂಡ ಅದನ್ನು ಕೊಲ್ಲುತ್ತದೆ. ಊರೂರಿಗೆ ಇರುವ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದಿಟ್ಟುಕೊಂಡು, ಕುದಿಸಿ ಆರಿಸಿ ಬಳಸಿ. ರೆನೆಟನ್ನು ಹಾಲಿಗೆ ಹಾಕುವ ಹೊತ್ತಿಗಷ್ಟೇ ನೀರಿನಲ್ಲಿ ಕದಡಿ.

35ರಿಂದ 40 ನಿಮಿಷಕ್ಕೆ ಗಡ್ಡೆ ಕಟ್ಟುತ್ತದೆ. ಚಾಕು ಓರೆಯಾಗಿ ಇಳಿಸಿ ಎತ್ತಿದಾಗ ಸ್ವಚ್ಛವಾಗಿ ಸೀಳಿ, ಸೀಳಿನಲ್ಲಿ ಹಸಿರು ಛಾಯೆಯ ತಿಳಿನೀರು ನಿಂತರೆ ಕತ್ತರಿಸಲು ಸಮಯ. ಒಂದು ಸೆಂಟಿಮೀಟರ್ ಗಾತ್ರದ ಕಾಳು ಮಾಡಿ, ಐದು ನಿಮಿಷ ಬಿಟ್ಟು, ಮೆಲ್ಲಗೆ ಕಲಕಿ.

ಹಂತ 3: ತೊಳೆಯುವುದು

ನಮ್ಮ ಸೀಮೆಗೆ ಇದೇ ಮುಖ್ಯ ಹಂತ.

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ತಾಪ 40 ಡಿಗ್ರಿ ದಾಟುತ್ತದೆ. ಹಾಲೆಂಡಿನ ಪಾಕವಿಧಾನದಲ್ಲಿ ‘ರಾತ್ರಿಯಿಡೀ ಒತ್ತಿಡಿ’ ಎಂದು ಬರೆದಿರುತ್ತದೆ; ಅಲ್ಲಿ ಚೀಸ್ ರಾತ್ರಿ ತಣ್ಣಗಾಗುತ್ತಾ ಹೋಗುತ್ತದೆ, ಹೆಪ್ಪು ನಿಧಾನವಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಒತ್ತುಗದ ಕೆಳಗಿನ ಚೀಸ್ ಬೆಳಗಿನವರೆಗೂ ಬೆಚ್ಚಗೇ ಇರುತ್ತದೆ. ಹೆಪ್ಪು ಬಿಡುವಿಲ್ಲದೆ ದುಡಿಯುತ್ತದೆ, ಲ್ಯಾಕ್ಟೋಸ್ ಇರುವಷ್ಟೂ ಹೊತ್ತು ಪಿಎಚ್ ಇಳಿಯುತ್ತಲೇ ಇರುತ್ತದೆ. ಬೆಳಿಗ್ಗೆ ಅಳೆದರೆ 4.9 ಬಂದಿರುತ್ತದೆ. ಗಡಿಯಾರ ನೋಡಿ ಇದನ್ನು ತಡೆಯುವುದು ಕಷ್ಟ. ಹೆಪ್ಪಿನ ಮೇವನ್ನೇ ಕಡಿಮೆ ಮಾಡುವುದು ಸುಲಭ. ತೊಳೆದರೆ ಲ್ಯಾಕ್ಟೋಸ್ ನೀರಿನ ಜೊತೆ ಹೊರಹೋಗುತ್ತದೆ, ಇರುವುದು ಮುಗಿದಾಗ ಹುಳಿ ತಾನಾಗಿ ನಿಲ್ಲುತ್ತದೆ.

ಕಾಳು ಇಪ್ಪತ್ತು ನಿಮಿಷ ಕಲಕಿದ ಮೇಲೆ ತಳಕ್ಕೆ ಕೂರಲು ಬಿಡಿ. ಹತ್ತು ಲೀಟರ್ ಹಾಲಿನ ಪಾತ್ರೆಯಿಂದ ಮೂರೂವರೆ ಲೀಟರ್ ತಿಳಿನೀರು ತೆಗೆಯಿರಿ. ಕುದಿಸಿ ಸುಮಾರು 50 ಡಿಗ್ರಿಗೆ ಆರಿಸಿದ ನೀರು ಮೂರು ಲೀಟರನ್ನು ಹತ್ತು ಹದಿನೈದು ನಿಮಿಷದಲ್ಲಿ ಸ್ವಲ್ಪಸ್ವಲ್ಪವಾಗಿ ಸೇರಿಸಿ, ಕಲಕುತ್ತಲೇ 37ರಿಂದ 38 ಡಿಗ್ರಿಗೆ ತನ್ನಿ. ಒಮ್ಮೆಲೇ ಸುರಿದರೆ ಕಾಳಿನ ಹೊರಮೈ ಬೆಂದು ಚರ್ಮ ಕಟ್ಟುತ್ತದೆ, ಒಳಗಿನ ನೀರು ಹೊರಬರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮಾಗಿದ ಮೇಲೆ ಅಂತಹ ಚೀಸಿನಲ್ಲಿ ಒದ್ದೆ ಮಚ್ಚೆಗಳು, ಹುಳಿ ಗೂಡುಗಳು. ಕಡು ಬೇಸಿಗೆಯಲ್ಲಿ ತೊಳೆಯುವ ನೀರನ್ನು ಅರ್ಧ ಲೀಟರ್ ಹೆಚ್ಚಿಸಬಹುದು. ಅದಕ್ಕಿಂತ ಹೆಚ್ಚು ತೊಳೆದರೆ ಹುಳಿ ಸಾಲದೆ ಚೀಸ್ ಸಪ್ಪೆಯೂ ರಬ್ಬರೂ ಆಗುತ್ತದೆ.

ಇನ್ನರ್ಧ ಗಂಟೆ ಕಲಕಿದಾಗ ಕಾಳನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಿ. ಉಂಡೆಯಾಗಿ ನಿಂತು, ಹೆಬ್ಬೆರಳಿನಿಂದ ತಟ್ಟಿದರೆ ಮತ್ತೆ ಕಾಳುಕಾಳಾಗಿ ಬಿಡಿಸಿಕೊಂಡರೆ ಬಸಿಯುವ ಹೊತ್ತಾಗಿದೆ.

ಹಂತ 4: ಒತ್ತುವುದು, ಮತ್ತು ಕಾದ ಸಲಾಕೆಯ ಪರೀಕ್ಷೆ

ಕಾಳು ಬಿಸಿ ಇರುವಾಗಲೇ, ಸಾಧ್ಯವಾದರೆ ತಿಳಿನೀರಿನೊಳಗೇ, ಕೈಯಿಂದ ಒತ್ತಿ ಒಂದುಗೂಡಿಸಿ. ಗಾಳಿ ಸೇರಿದರೆ ಒಳಗೆ ಅಂಕುಡೊಂಕಿನ ಸಂದುಗಳು ಉಳಿಯುತ್ತವೆ. ಅನಿಲದ ತೂತು ಗುಂಡಗಿದ್ದು ಒಳಮೈ ಹೊಳೆಯುತ್ತದೆ; ಗಾಳಿಸಂದು ಕಾಳಿನ ಆಕಾರವನ್ನೇ ಹೊತ್ತಿರುತ್ತದೆ. ನೋಡಿದರೆ ಗೊತ್ತಾಗುತ್ತದೆ. ಅಚ್ಚಿಗೆ ಬಟ್ಟೆ ಹಾಸಿ, ಮೊದಲು ಹಗುರ ತೂಕ, ಒಂದು ಗಂಟೆಯ ನಂತರ ತಿರುಗಿಸಿ ಭಾರ. ಬೆಳಗಿನ ಜಾವ ಐದಕ್ಕೆ ಕೆಲಸ ಹಿಡಿದರೆ ಮಧ್ಯಾಹ್ನದ ಝಳಕ್ಕೆ ಮೊದಲು ಚೀಸ್ ಒತ್ತುಗದಡಿ ಇರುತ್ತದೆ, ಸಂಜೆಯೊಳಗೆ ಉಪ್ಪುನೀರಿಗೆ ಇಳಿಸಬಹುದು. ಬೇಸಿಗೆಯಲ್ಲಿ ರಾತ್ರಿ ಒತ್ತುವ ಪದ್ಧತಿಯನ್ನು ಮರೆತುಬಿಡಿ.

ಪಿಎಚ್ ಮೀಟರ್ ಕೊಳ್ಳಿ. 4 ಮತ್ತು 7ರ ಬಫರ್ ದ್ರಾವಣಗಳಲ್ಲಿ ಸರಿಹೊಂದಿಸಿ, ಬಲ್ಬನ್ನು ಒಣಗಲು ಬಿಡದೆ ಅದರದೇ ದ್ರಾವಣದಲ್ಲಿಡಿ. ನಮ್ಮ ಸೆಕೆಗೆ ಒಂದು ವಾರ ಮರೆತರೂ ಅದು ಹಾಳು.

ಮೀಟರ್ ಕೈಕೊಟ್ಟ ದಿನಕ್ಕೆ ಹಳೆಯ ಚೆಡ್ಡರ್ ತಯಾರಕರ ಉಪಾಯ ಇದೆ. ಸ್ವಚ್ಛವಾದ ಕಬ್ಬಿಣದ ಸಲಾಕೆಯನ್ನು ಒಲೆಯಲ್ಲಿ ಕಾಯಿಸಿ. ಕೆಂಪಗಾಗಬಾರದು, ನೀರು ಚಿಮುಕಿಸಿದರೆ ಚುಯ್ ಎನ್ನುವಷ್ಟು ಸಾಕು. ಹೆಬ್ಬೆರಳ ಗಾತ್ರದ ಗಡ್ಡೆಯ ತುಂಡನ್ನು ಹಿಂಡಿ ನೀರು ತೆಗೆದು, ಸಲಾಕೆಗೆ ಒತ್ತಿ, ಎರಡು ಉಸಿರಿನಷ್ಟು ಹೊತ್ತು ಹಿಡಿದು ಮೆಲ್ಲಗೆ ಹಿಂದಕ್ಕೆಳೆಯಿರಿ. ಹುಳಿ ಸಾಲದಿದ್ದರೆ ತುಂಡು ಸುಮ್ಮನೆ ಕಳಚಿಕೊಂಡು ಬರುತ್ತದೆ. ಹುಳಿ ಏರಿದಂತೆ ಸಲಾಕೆಗೂ ತುಂಡಿಗೂ ನಡುವೆ ರೇಷ್ಮೆಯಂತಹ ನೂಲುಗಳು ಏಳುತ್ತವೆ. ಕೂದಲಿನಷ್ಟು ತೆಳ್ಳಗೆ, ತುಂಡಾಗದೆ ಎಳೆಯುತ್ತಾ ಹೋದರೆ ಪಿಎಚ್ 5.3ರ ಆಸುಪಾಸಿನಲ್ಲಿದೆ. ಕ್ಯಾಲ್ಸಿಯಂ ಗಾರೆ ಬೇಕಾದಷ್ಟು ಕರಗಿ, ಕಾವಿಗೆ ಕೇಸೀನ್ ಎಳೆಗಳು ಒಂದರ ಮೇಲೊಂದು ಜಾರುವುದರಿಂದ ಈ ನೂಲು. ಹುಳಿ ಅತಿಯಾದರೆ ನೂಲು ಮತ್ತೆ ಗಿಡ್ಡವಾಗಿ ಪಟ್ಟನೆ ಹರಿಯುತ್ತದೆ. ಕೈಗೆ ಒಮ್ಮೆ ರೂಢಿಯಾದರೆ ಅಗ್ಗದ ಮೀಟರಿಗಿಂತ ಇದನ್ನೇ ನಾನು ನಂಬುತ್ತೇನೆ.

ಹಂತ 5: ಉಪ್ಪುನೀರು

ಒಂದು ಲೀಟರ್ ನೀರಿಗೆ 250 ಗ್ರಾಂ ಉಪ್ಪು. ಇಷ್ಟಕ್ಕೇ ನಿಲ್ಲಿಸಿದರೆ ಎರಡು ದಿನಕ್ಕೆ ಚೀಸಿನ ಹೊರಮೈ ಲೋಳೆಯಾಗಿ ಕೈಗೆ ಅಂಟುತ್ತದೆ. ಚೀಸಿನಲ್ಲಿ ಕ್ಯಾಲ್ಸಿಯಂ ಇದೆ, ಹೊಸ ಉಪ್ಪುನೀರಿನಲ್ಲಿ ಇಲ್ಲ. ಹೊರಮೈಯ ಕ್ಯಾಲ್ಸಿಯಂ ನೀರಿಗೆ ಹೋಗಿ, ಸೋಡಿಯಂ ಆ ಜಾಗಕ್ಕೆ ಬಂದು, ಕೇಸೀನ್ ನೀರು ಕುಡಿದು ಊದುತ್ತದೆ. ಲೀಟರಿಗೆ ಒಂದೂವರೆಯಿಂದ ಎರಡು ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಕೆಲವು ಹನಿ ವಿನೆಗರ್ ಹಾಕಿ ಪಿಎಚ್ಚನ್ನು ಚೀಸಿನ 5.2ಕ್ಕೆ ಹೊಂದಿಸಿ. ತಿಳಿನೀರನ್ನೇ ಕುದಿಸಿ ಸೋಸಿ ಅದಕ್ಕೆ ಉಪ್ಪು ಹಾಕಿದರೆ ಕ್ಯಾಲ್ಸಿಯಂ ಅದರಲ್ಲೇ ಇರುತ್ತದೆ. ಹಂತ 1ರಲ್ಲಿ ಬೇಡವೆಂದ ಕ್ಯಾಲ್ಸಿಯಂ ಕ್ಲೋರೈಡನ್ನು ಇಲ್ಲಿ ಬೇಕೆನ್ನುತ್ತಿರುವುದು ವಿರೋಧಾಭಾಸವಲ್ಲ: ಅಲ್ಲಿ ಅದು ಚೀಸಿನೊಳಗೆ ಸೇರುತ್ತಿತ್ತು, ಇಲ್ಲಿ ಚೀಸಿನದು ಹೊರಗೆ ಹೋಗದಂತೆ ತಡೆಯುತ್ತದೆ.

ಒಂದು ಕಿಲೋ ಚಕ್ರಕ್ಕೆ 12ರಿಂದ 14 ಡಿಗ್ರಿ ತಂಪಿನಲ್ಲಿ ಎಂಟರಿಂದ ಹತ್ತು ಗಂಟೆ, ನಡುವೆ ಒಮ್ಮೆ ಮಗುಚಿ. ಉಪ್ಪು ಕಡಿಮೆಯಾದರೆ ಕಿಣ್ವಗಳು ಅಂಕೆಯಿಲ್ಲದೆ ಓಡಿ ಚೀಸ್ ಕಹಿಯಾದ ಮುದ್ದೆಯಾಗುತ್ತದೆ. ಹೆಚ್ಚಾದರೆ ಮಾಗುವುದೇ ನಿಂತು ಒಣಕಲಾಗುತ್ತದೆ.

ಹಂತ 6: ಮಾಗಿಸುವುದು

ಬೇಕಾದದ್ದು 12, 13 ಡಿಗ್ರಿ ತಾಪ, ಶೇ. 80ರಿಂದ 85 ತೇವಾಂಶ. ‘ನಮ್ಮ ಮಣ್ಣಿನ ಮಾಳಿಗೆ ಮನೆ ತಂಪು, ಹಗೇವು (ಧಾನ್ಯ ಇಡುವ ನೆಲಗುಂಡಿ) ಅದಕ್ಕಿಂತ ತಂಪು, ಅಲ್ಲೇ ಇಡಬಾರದೇ?’ ಎಂದು ಕೇಳುವವರಿದ್ದಾರೆ. ಕೆಲವು ಮೀಟರ್ ಆಳದ ಮಣ್ಣಿನ ತಾಪ ಆ ಊರಿನ ಇಡೀ ವರ್ಷದ ಸರಾಸರಿ ತಾಪದ ಹತ್ತಿರ ಇರುತ್ತದೆ. ಯುರೋಪಿನ ನೆಲಮಾಳಿಗೆ 12 ಡಿಗ್ರಿ ಇರುವುದು ಅಲ್ಲಿನ ಸರಾಸರಿ ಅಷ್ಟೇ ಇರುವುದರಿಂದ. ನಮ್ಮದು 27ರ ಸುತ್ತಮುತ್ತ. ಹಗೇವು ಜೋಳಕ್ಕೆ ಸರಿ, ಚೀಸಿಗಲ್ಲ. ಮೇಲಾಗಿ ಅದರೊಳಗೆ ಕಟ್ಟಿಕೊಳ್ಳುವ ಕೆಟ್ಟ ಗಾಳಿಗೆ ಜೀವ ಹೋದ ಉದಾಹರಣೆಗಳು ನಮ್ಮ ಕಡೆ ಎಲ್ಲರಿಗೂ ಗೊತ್ತು. 25 ಡಿಗ್ರಿ ದಾಟಿದರೆ ಹಾಲಿನ ಕೊಬ್ಬು ಬಹುಪಾಲು ಕರಗಿ ಚೀಸ್ ಎಣ್ಣೆ ಬೆವರುತ್ತದೆ.

ಹಳೆಯ ಫ್ರಿಜ್‌ಗೆ ಹೊರಗಿನಿಂದ ತಾಪ ನಿಯಂತ್ರಕ ಜೋಡಿಸುವುದೇ ದಾರಿ. ಖಾಲಿ ಜಾಗದಲ್ಲೆಲ್ಲ ನೀರು ತುಂಬಿದ ಬಾಟಲಿ ಇಡಿ, ಕರೆಂಟ್ ಹೋದಾಗ ಅವು ತಂಪು ಹಿಡಿದಿಡುತ್ತವೆ. ಶಕ್ತಿನಗರದಲ್ಲೂ ಕುಡಿತಿನಿಯಲ್ಲೂ ವಿದ್ಯುತ್ ಸ್ಥಾವರ ಇಟ್ಟುಕೊಂಡು ನಾವು ಬಾಟಲಿ ಜೋಡಿಸುವುದು ವಿಪರ್ಯಾಸವೇ, ಇರಲಿ. ಫ್ರಿಜ್‌ನ ಗಾಳಿ ಒಣಗಾಳಿ. ಚೀಸನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ಮುಚ್ಚಳವನ್ನು ಕೂದಲೆಳೆ ತೆರೆದಿಡಿ. ತೇವಾಂಶದ ಮಾಪಕ ಸುಳ್ಳು ಹೇಳುತ್ತಿದೆಯೇ ಎಂದು ತಿಳಿಯಲು ಒಂದು ಬಟ್ಟಲಿನಲ್ಲಿ ಉಪ್ಪಿಗೆ ತುಸು ನೀರು ಹಾಕಿ ಕೆಸರಿನಂತೆ ಮಾಡಿ, ಮಾಪಕದ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಅದು ಶೇ. 75 ತೋರಿಸಬೇಕು. ಎಷ್ಟು ತಪ್ಪಿದೆಯೋ ಅಷ್ಟನ್ನು ಸದಾ ಕೂಡಿಸಿ ಅಥವಾ ಕಳೆದು ಓದಿ.

ಹೊರಮೈ ನಾಲ್ಕೈದು ದಿನ ಒಣಗಿದ ಮೇಲೆ ನಿರ್ವಾತ ಚೀಲ ಅಥವಾ ಮೇಣ. ನಮ್ಮ ಕಡೆ ನಾನು ಚೀಲದ ಪರ. ತಾಪ ಏರಿಳಿದಾಗ ಮೇಣ ಬಿರಿಯುತ್ತದೆ, ಬಿರುಕಿನಲ್ಲಿ ಬೂಷ್ಟು ನುಸುಳುತ್ತದೆ.

ಹಂತ 7: ಕೊಯ್ದು ಓದುವುದು

ಕಿರುಬೆರಳಿನ ದಪ್ಪದ ತುಂಡು ತೆಗೆದು, ತಣ್ಣಗಿರುವಾಗಲೇ ಪರೀಕ್ಷಿಸದೆ ಸ್ವಲ್ಪ ಹೊತ್ತು ಹೊರಗಿಟ್ಟು ಬಾಗಿಸಿ. ಆಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕಿ.

ಬಾಗದೆ ಪಟ್ಟನೆ ಮುರಿದು, ತಿಕ್ಕಿದರೆ ರವೆಯಂತೆ ಹರಳುಹರಳಾಗಿ, ನಾಲಿಗೆಗೆ ಹುಳಿ ಬಡಿದರೆ ಆಮ್ಲ ಮಿತಿಮೀರಿದೆ. ಮುಂದಿನ ಸಲ ಹೆಚ್ಚು ತೊಳೆಯಿರಿ, ಬೇಗ ಬಸಿಯಿರಿ, ಹೆಪ್ಪು ಕಡಿಮೆ ಮಾಡಿ. ಮುರಿಯುತ್ತದೆ ಆದರೆ ಹುಳಿಯಿಲ್ಲ, ಉಪ್ಪು ಜಾಸ್ತಿ ಎನಿಸಿದರೆ ಉಪ್ಪುನೀರಿನ ಅವಧಿ ಇಳಿಸಿ.

ಬಾಗಿ ಬಾಗಿ ಹಿಂದಕ್ಕೆ ಪುಟಿದು, ಹಲ್ಲಿಗೆ ಕೀಚ್ ಎಂದರೆ ಕ್ಯಾಲ್ಸಿಯಂ ಹೆಚ್ಚು, ಹುಳಿ ಕಡಿಮೆ, ಇಲ್ಲವೇ ಕಾಳು ಅತಿಯಾಗಿ ಬೆಂದಿದೆ. ಇದಕ್ಕೆ ಮೊದಲ ಮದ್ದು ತಾಳ್ಮೆ. ಇನ್ನೆರಡು ತಿಂಗಳು ರೆನೆಟ್ ಕೆಲಸ ಮಾಡಲಿ.

ಬೆರಳಿಗೆ ಅಂಟುವ ಮುದ್ದೆ, ಜೊತೆಗೆ ಕಹಿ: ನೀರು ಹೆಚ್ಚು, ಉಪ್ಪು ಕಡಿಮೆ, ರೆನೆಟ್ ಜಾಸ್ತಿ ಅಥವಾ ಮಾಗುವ ಜಾಗ ಬೆಚ್ಚಗಿತ್ತು.

ಬಿರುಕುಗಳ ವಿಚಾರ ಸ್ವಲ್ಪ ಜಟಿಲ. ಮೊದಲೆರಡು ದಿನದಲ್ಲೇ ಚೀಸ್ ಸ್ಪಂಜಿನಂತೆ ಉಬ್ಬಿದರೆ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ಸೇರಿದೆ, ಅಂದರೆ ಎಲ್ಲೋ ಕೊಳೆ ಇದೆ. ಎಸೆಯಿರಿ, ದನಕ್ಕೂ ಹಾಕಬೇಡಿ. ಒಂದೆರಡು ತಿಂಗಳ ನಂತರ ಚಕ್ರ ಉಬ್ಬಿ, ಒಳಗೆ ಸೀಳು ಬಿಟ್ಟು, ವಾಂತಿಯ ವಾಸನೆ ಬಂದರೆ ಅದು ಕ್ಲಾಸ್ಟ್ರಿಡಿಯಂ ಟೈರೋಬ್ಯುಟಿರಿಕಂ ಎಂಬ ಬ್ಯಾಕ್ಟೀರಿಯಾ. ಇದರ ಬೀಜಕಣಗಳು ಪಾಶ್ಚರೀಕರಣಕ್ಕೆ ಸಾಯುವುದಿಲ್ಲ. ಲ್ಯಾಕ್ಟಿಕ್ ಆಮ್ಲವನ್ನೇ ತಿಂದು ಬ್ಯುಟಿರಿಕ್ ಆಮ್ಲ, ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಬಿಡುತ್ತವೆ. ಹೈಡ್ರೋಜನ್ ಚೀಸಿನಲ್ಲಿ ಅಷ್ಟಾಗಿ ಕರಗದು, ಆದ್ದರಿಂದ ಒತ್ತಡ ಬೇಗ ಏರುತ್ತದೆ. ಇವು ಬರುವುದು ಹೆಚ್ಚಾಗಿ ಸರಿಯಾಗಿ ಹುದುಗದ ರಸಮೇವಿನಿಂದ, ಸಗಣಿಯ ಮೂಲಕ ಕೆಚ್ಚಲಿಗೆ. ಚೀಸಿಗೆ ಹಾಲು ಕೊಡುವ ಹಸುವಿಗೆ ಜೋಳದ ಕಣಿಕೆ, ಭತ್ತದ ಹುಲ್ಲು, ಹಸಿ ಮೇವು ಸಾಕು. ಕೆಚ್ಚಲು ತೊಳೆದು ಒರೆಸಿ ಕರೆಯಲು ಹೇಳಿ. ಕೆಟ್ಟ ವಾಸನೆಯಿಲ್ಲದೆ ಬರೀ ಸಣ್ಣ ಸೀಳುಗಳಿದ್ದರೆ, ಅನಿಲ ಸ್ವಲ್ಪವೇ ಬಂದಿದೆ, ಆದರೆ ಹುಳಿ ಅತಿಯಾದ ಮೈ ಹಿಗ್ಗಲಾರದೆ ಸೀಳಿದೆ. ಮತ್ತೆ ಮೊದಲ ದಿನಕ್ಕೇ ಹೋಗಬೇಕು.

ಬಿಳಿ ಚುಕ್ಕಿ ಕಂಡೊಡನೆ ಬೂಷ್ಟು ಎಂದು ಗಾಬರಿ ಬೇಡ. ಒಳಗಿನ ಗಟ್ಟಿ ಹರಳು ಹೆಚ್ಚಾಗಿ ಟೈರೋಸಿನ್ ಎಂಬ ಅಮೈನೊ ಆಮ್ಲ, ಚೆನ್ನಾಗಿ ಮಾಗಿದ ಗುರುತು. ಹೊರಮೈಯ ಸುಣ್ಣದಂತಹ ಪದರ ಕ್ಯಾಲ್ಸಿಯಂ ಲ್ಯಾಕ್ಟೇಟ್. ಅಪಾಯವಿಲ್ಲ, ಆದರೆ ಗಿರಾಕಿ ಮುಖ ಸಿಂಡರಿಸುತ್ತಾರೆ. ಕೆಲವು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ‌ಗಳು ಎಲ್-ಲ್ಯಾಕ್ಟೇಟನ್ನು ಅದರ ಕನ್ನಡಿಬಿಂಬದಂತಹ ಡಿ-ರೂಪಕ್ಕೆ ತಿರುಗಿಸುತ್ತವೆ. ಎರಡೂ ಬೆರೆತ ಕ್ಯಾಲ್ಸಿಯಂ ಲವಣ ನೀರಿನಲ್ಲಿ ಕರಗುವುದು ಕಡಿಮೆ. ಚೀಲ ಸಡಿಲವಾಗಿ ನೀರು ನಿಂತಲ್ಲಿ, ತಾಪ ಏರಿಳಿದಲ್ಲಿ ಇದು ಮೊದಲು ಕಾಣಿಸುತ್ತದೆ. ಚೀಲ ಬಿಗಿಯಾಗಿರಲಿ, ತಾಪ ಸ್ಥಿರವಾಗಿರಲಿ.

ಕೆಟ್ಟ ಹದದ ಚೀಸನ್ನು ಏನು ಮಾಡುವುದು

ಪುಡಿಯಾದ, ಹುಳಿಯಾದ, ರಬ್ಬರಾದ ಚೀಸ್ ವಾಸನೆಯಲ್ಲಿ ಸರಿಯಿದ್ದರೆ ವ್ಯರ್ಥ ಮಾಡಬೇಡಿ. ಅರ್ಧ ಕಿಲೋ ತುರಿಗೆ 12ರಿಂದ 15 ಗ್ರಾಂ ಸೋಡಿಯಂ ಸಿಟ್ರೇಟ್, 130 ಮಿಲಿಲೀಟರ್ ನೀರು. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿ, 75ರಿಂದ 80 ಡಿಗ್ರಿ, ಬಿಡದೆ ಕಲಕಿ. ಮೊದಲು ಎಣ್ಣೆ ಬೇರೆ, ಗಂಟು ಬೇರೆ ಆಗಿ ಎಲ್ಲ ಕೆಟ್ಟಿತು ಅನಿಸುತ್ತದೆ. ಕಲಕುತ್ತಿರಿ, ಕೆಲವೇ ನಿಮಿಷದಲ್ಲಿ ಒಮ್ಮೆಲೇ ಕೂಡಿಕೊಂಡು ಹೊಳೆಯುವ ಪಾಕವಾಗುತ್ತದೆ. ಸಿಟ್ರೇಟ್ ಕೇಸೀನಿನಿಂದ ಕ್ಯಾಲ್ಸಿಯಂ ಕಿತ್ತುಕೊಂಡು ಸೋಡಿಯಂ ಕೊಡುತ್ತದೆ, ಬಿಡುಗಡೆಯಾದ ಕೇಸೀನ್ ಕೊಬ್ಬನ್ನು ಸುತ್ತುವರಿದು ಹಿಡಿಯುತ್ತದೆ, ಹುಳಿಯೂ ಇಳಿಯುತ್ತದೆ. ಅಂಗಡಿಯ ಕ್ಯೂಬ್ ಚೀಸಿನ ಹಿಂದಿರುವುದೂ ಇದೇ ರಸಾಯನ. ಎಣ್ಣೆ ಸವರಿದ ಡಬ್ಬಿಗೆ ಸುರಿದು ತಣ್ಣಗಾಗಿಸಿ ಫ್ರಿಜ್‌ನಲ್ಲಿಡಿ, ಎರಡು ವಾರದೊಳಗೆ ಮುಗಿಸಿ. ಬಿಸಿ ಜೋಳದ ರೊಟ್ಟಿಯ ಮೇಲೆ ತುರಿದರೆ ಅಷ್ಟು ದಿನವೂ ಉಳಿಯುವುದಿಲ್ಲ. ಮಾರುವ ಉದ್ದೇಶವಿದ್ದರೆ ಆಹಾರ ಸುರಕ್ಷತಾ ನೋಂದಣಿ ಬೇಕು, ಲೇಬಲ್ ಮೇಲೆ ಸಂಸ್ಕರಿಸಿದ ಚೀಸ್ ಎಂದೇ ನಮೂದಿಸಬೇಕು. ಉಬ್ಬಿದ್ದನ್ನು, ಬ್ಯುಟಿರಿಕ್ ವಾಸನೆ ಬಂದದ್ದನ್ನು ಮಾತ್ರ ಈ ಪಾತ್ರೆಗೆ ಹಾಕಬೇಡಿ: ಕಾಯಿಸಿದರೆ ಆ ವಾಸನೆ ಹೋಗುವುದಿಲ್ಲ, ಮನೆಯೆಲ್ಲ ಹರಡುತ್ತದೆ.